1572ರ ಪುಸ್ತಕದಲ್ಲಿ ಕಲ್ಲಿಕೋಟೆ, ಗೋವಾ: ಹಳೆಯ ನಗರಚಿತ್ರಗಳನ್ನು ಓದುವುದು ಹೇಗೆ?

ಕಲ್ಲಿಕೋಟೆಯ ಒಂದು ಹಳೆಯ ಚಿತ್ರ ಇಂಟರ್‌ನೆಟ್‌ನಲ್ಲಿ ಆಗಾಗ ಓಡಾಡುತ್ತಿರುತ್ತದೆ. ಮುಂದೆ ಸಮುದ್ರ, ಹಡಗುಗಳು. ದಡದಲ್ಲಿ ಆನೆ, ಅದರ ಮೇಲೆ ಸವಾರ. ಅಲ್ಲೇ ಹಡಗು ಕಟ್ಟುವ ಕೆಲಸ ನಡೆದಿದೆ. ಹಿಂದೆ ಮರಗಳ ನಡುವೆ ಮನೆಗಳು, ಅದಕ್ಕೂ ಹಿಂದೆ ಗುಡ್ಡಗಳು. ಕೆಳಗೆ ‘1572ರ ಕಲ್ಲಿಕೋಟೆ’ ಎಂದು ಒಂದು ಸಾಲು. ಶೇರ್ ಮಾಡುವವರಿಗೆ ಅಷ್ಟು ಸಾಕು.

ಆದರೆ 1572 ಎನ್ನುವುದು ಆ ಚಿತ್ರ ಅಚ್ಚಾದ ವರ್ಷ. ಚಿತ್ರದೊಳಗಿನ ಊರು ಯಾವ ವರ್ಷದ್ದು ಎಂಬುದು ಬೇರೆಯೇ ಪ್ರಶ್ನೆ. ಅಚ್ಚು ಹಾಕಿಸಿದವರು ಜರ್ಮನಿಯ ಕಲೋನ್ ನಗರದಲ್ಲಿದ್ದರು. ಕಲ್ಲಿಕೋಟೆಯ ಕಡೆ ಅವರು ಬಂದವರೇ ಅಲ್ಲ. ಅವರ ಪುಸ್ತಕದ ಹೆಸರು ‘ಸಿವಿಟಾಟೆಸ್ ಓರ್ಬಿಸ್ ಟೆರಾರಮ್’, ಅಂದರೆ ಜಗತ್ತಿನ ನಗರಗಳು. 1572ರಿಂದ 1617ರವರೆಗೆ ಆರು ಸಂಪುಟಗಳಲ್ಲಿ ಬಂದ ಈ ಪುಸ್ತಕದಲ್ಲಿ 500ಕ್ಕೂ ಹೆಚ್ಚು ನಗರಗಳ ಚಿತ್ರ ಮತ್ತು ನಕ್ಷೆಗಳಿವೆ. ಅಂಥ ದೊಡ್ಡ ಕೆಲಸ ಹೇಗೆ ನಡೆಯಿತು ಎಂದು ತಿಳಿದರೆ, ಆ ಕಲ್ಲಿಕೋಟೆಯ ಚಿತ್ರದ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂಬುದೂ ತಿಳಿಯುತ್ತದೆ.

ಮಾಡಿದವರು

ಮುಖ್ಯವಾಗಿ ಇಬ್ಬರು. ಸಂಪಾದಕ ಗೇಯೋರ್ಗ್ ಬ್ರೌನ್, ಕಲೋನ್‌ನ ಕ್ಯಾಥೊಲಿಕ್ ಪಾದ್ರಿ. ಕೆತ್ತನೆಗಾರ ಫ್ರಾನ್ಸ್ ಹೋಗನ್‌ಬರ್ಗ್, ಈಗಿನ ಬೆಲ್ಜಿಯಂನ ಮೆಖೆಲನ್ ಊರಿನವನು, ಪ್ರಾಟೆಸ್ಟೆಂಟ್. ಇವೆರಡು ಪಂಥಗಳ ನಡುವೆ ಯುರೋಪಿನ ಊರೂರುಗಳಲ್ಲಿ ರಕ್ತ ಹರಿಯುತ್ತಿದ್ದ ಕಾಲ ಅದು. ಮೆಖೆಲನ್ ಕಡೆಯ ಸೀಮೆಯನ್ನು ಆಗ ಆಳುತ್ತಿದ್ದ ಸ್ಪೇನ್ ದೊರೆ, 1567ರಲ್ಲಿ ತನ್ನ ದಂಡನಾಯಕ ಆಲ್ಬಾ ಡ್ಯೂಕ್‌ನನ್ನು ಸೈನ್ಯದ ಜೊತೆ ಅಲ್ಲಿಗೆ ಕಳಿಸಿದ ಮೇಲೆ ಪ್ರಾಟೆಸ್ಟೆಂಟರು ಗುಂಪುಗುಂಪಾಗಿ ಊರು ಬಿಟ್ಟರು. ಹೋಗನ್‌ಬರ್ಗ್ ಕಲೋನ್ ಸೇರಿದ್ದೂ ಹಾಗೆಯೇ. ಅಲ್ಲಿ ಒಬ್ಬ ಪಾದ್ರಿಯ ಜೊತೆಯೇ ಅವನ ಜೀವಮಾನದ ಕೆಲಸ ಕೂಡಿಬಂತು.

ಅವನು ಹೊಸಬನೇನೂ ಆಗಿರಲಿಲ್ಲ. 1570ರಲ್ಲಿ ಆಂಟ್‌ವರ್ಪ್‌ನಲ್ಲಿ ಅಬ್ರಹಾಂ ಓರ್ಟೆಲಿಯಸ್ ಒಂದು ಭೂಪಟಗಳ ಪುಸ್ತಕ ತಂದಿದ್ದ. ಆಧುನಿಕ ಅಟ್ಲಾಸ್‌ಗಳಲ್ಲಿ ಮೊದಲನೆಯದು ಎಂದು ಕರೆಯುವುದು ಅದನ್ನೇ. ಅದರ ಎಷ್ಟೋ ತಗಡುಗಳನ್ನು ಕೆತ್ತಿದ್ದು ಹೋಗನ್‌ಬರ್ಗ್. ಆ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ದೇಶಗಳದ್ದು ಆಯಿತು, ಇನ್ನು ಊರುಗಳದ್ದು ಬರಲಿ ಎಂಬ ಲೆಕ್ಕದಲ್ಲಿ ಹುಟ್ಟಿದ್ದು ಈ ನಗರಗಳ ಪುಸ್ತಕ.

ಇವರಿಗಿಂತ ಮುಂಚೆಯೂ ಊರುಗಳ ಚಿತ್ರ ಅಚ್ಚಾಗುತ್ತಿದ್ದವು. 1493ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಒಂದು ಭಾರಿ ಲೋಕಚರಿತ್ರೆ ಬಂತು. ಅದರಲ್ಲಿ 1,809 ಚಿತ್ರಗಳು. ಆದರೆ ಅವುಗಳಿಗೆ ಬಳಸಿದ ಮರದ ಅಚ್ಚುಗಳು 645 ಮಾತ್ರ! ಮುಖಗಳಿಗೂ ಊರುಗಳಿಗೂ ಒಂದೇ ಅಚ್ಚನ್ನು ಮತ್ತೆ ಮತ್ತೆ ಒತ್ತಿದ್ದರು. ಒಂದು ಪುಟದಲ್ಲಿ ಒಂದು ನಗರವಾಗಿ ಕಂಡದ್ದು ಇನ್ನೊಂದು ಪುಟದಲ್ಲಿ ಬೇರೆ ಹೆಸರು ಹೊತ್ತು ಬರುತ್ತಿತ್ತು. ಆಗಿನ ಓದುಗರು ಇದನ್ನು ಮೋಸ ಎಂದುಕೊಂಡಂತಿಲ್ಲ. ‘ಇಲ್ಲೊಂದು ನಗರವಿದೆ’ ಎಂಬ ಗುರುತಿದ್ದರೆ ಸಾಕಿತ್ತು. ಬ್ರೌನ್ ಮತ್ತು ಹೋಗನ್‌ಬರ್ಗ್ ಕಾಲಕ್ಕೆ ಆ ತೃಪ್ತಿ ಹೋಗಿತ್ತು. ತನ್ನ ಊರು ತನ್ನ ಊರಿನಂತೆಯೇ ಕಾಣಬೇಕು ಎಂಬ ಆಸೆ ಜನರಲ್ಲಿ ಬಂದಿತ್ತು.

ತಾಮ್ರದ ತಗಡಿನ ಕೆಲಸ

ಮರದ ಅಚ್ಚಿಗೂ ತಾಮ್ರದ ಕೆತ್ತನೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಮರದ ಅಚ್ಚು ನಮ್ಮ ರಬ್ಬರ್ ಸ್ಟಾಂಪ್ ಇದ್ದಂತೆ. ಬೇಡದ ಜಾಗವನ್ನು ಕೊರೆದು ತೆಗೆಯುತ್ತಾರೆ, ಉಬ್ಬಿ ನಿಂತ ಗೆರೆಗೆ ಶಾಯಿ ಹಚ್ಚಿ ಒತ್ತುತ್ತಾರೆ. ತಾಮ್ರದ್ದು ಇದಕ್ಕೆ ಪೂರ್ತಿ ಉಲ್ಟಾ. ನುಣ್ಣಗೆ ಉಜ್ಜಿದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ತಳ್ಳುತ್ತಾ ಗೆರೆ ಕೊರೆಯಬೇಕು. ಆ ಮೇಲೆ ತಗಡಿಗೆಲ್ಲ ಶಾಯಿ ಬಳಿದು, ಮೇಲ್ಮೈಯನ್ನು ಚೊಕ್ಕಟವಾಗಿ ಒರೆಸುತ್ತಾರೆ. ಗೆರೆಗಳ ಒಳಗೆ ಮಾತ್ರ ಶಾಯಿ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಿದಾಗ, ಆ ಬಿಗಿಗೆ ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಅಚ್ಚಿನಲ್ಲಿ ಎಡ ಬಲ ಅದಲು ಬದಲಾಗುತ್ತವೆ. ಹಾಗಾಗಿ ಕೆತ್ತುವಾಗ ಊರನ್ನೂ ಅಕ್ಷರಗಳನ್ನೂ ತಿರುಗುಮುರುಗಾಗಿ ಕೆತ್ತಬೇಕು.

ಕಷ್ಟದ ಕೆಲಸ ನಿಜ, ಆದರೆ ಲಾಭವೂ ದೊಡ್ಡದು. ತಾಮ್ರದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯಬಹುದು. ಮನೆಯ ಕಿಟಕಿ, ಹೊಳೆಯ ಅಲೆ, ಬೀದಿಯಲ್ಲಿ ಹೋಗುವ ನಾಯಿ, ಎಲ್ಲವೂ ಮೂಡುತ್ತವೆ. ಇನ್ನೊಂದು ಅನುಕೂಲವೂ ಇದೆ. ತಗಡನ್ನು ತಿದ್ದಬಹುದು. ತಪ್ಪಿದ ಜಾಗವನ್ನು ಹಿಂದಿನಿಂದ ಬಡಿದು ಸಮ ಮಾಡಿ, ಉಜ್ಜಿ, ಮತ್ತೆ ಕೆತ್ತಿದರೆ ಆಯಿತು. ಈ ತಿದ್ದುವ ಅಭ್ಯಾಸ ಮುಂದೆ ಒಂದು ವಿಚಿತ್ರಕ್ಕೆ ದಾರಿ ಮಾಡಿತು. ಅದು ಲಂಡನ್ ವಿಷಯ, ಮುಂದೆ ಬರುತ್ತದೆ.

ತಗಡಿನ ಅಚ್ಚಿಗೂ ಮೊಳೆ (ಒಂದೊಂದು ಅಕ್ಷರದ ಬಿಡಿ ಲೋಹದ ಅಚ್ಚು) ಜೋಡಿಸಿದ ಅಕ್ಷರದ ಅಚ್ಚಿಗೂ ಬೇರೆ ಬೇರೆ ಯಂತ್ರ ಬೇಕು. ಅದಕ್ಕೇ ಈ ಪುಸ್ತಕದಲ್ಲಿ ಚಿತ್ರ ಹಾಳೆಯ ಒಂದು ಮಗ್ಗುಲಲ್ಲಿದ್ದರೆ, ಆ ಊರಿನ ಬಗ್ಗೆ ಬ್ರೌನ್ ಬರೆಸಿದ ವಿವರಣೆ ಬೆನ್ನಿಗಿದೆ. ಲ್ಯಾಟಿನ್ ಜೊತೆಗೆ ಜರ್ಮನ್, ಫ್ರೆಂಚ್ ಆವೃತ್ತಿಗಳೂ ಬಂದವು. ತಗಡು ಅದೇ, ಬೆನ್ನಿನ ಮಾತು ಮಾತ್ರ ಬೇರೆ. ಬಣ್ಣವಂತೂ ಅಚ್ಚಿನದ್ದಲ್ಲವೇ ಅಲ್ಲ. ಅಚ್ಚಾದ ಮೇಲೆ ಒಂದೊಂದು ಪ್ರತಿಗೂ ಕೈಯಲ್ಲಿ ನೀರುಬಣ್ಣ ತುಂಬುತ್ತಿದ್ದರು. ಒಂದು ಪ್ರತಿಯಲ್ಲಿ ಕೆಂಪಗಿರುವ ಛಾವಣಿ ಇನ್ನೊಂದರಲ್ಲಿ ನೀಲಿ ಇದ್ದರೆ ಅದರಿಂದ ಊರಿನ ಛಾವಣಿಗಳ ಬಗ್ಗೆ ಏನೂ ತೀರ್ಮಾನ ಮಾಡುವ ಹಾಗಿಲ್ಲ.

ಹಕ್ಕಿಯ ಕಣ್ಣು ಎಲ್ಲಿಂದ ಬಂತು?

ಪುಸ್ತಕದಲ್ಲಿ ಮೂರು ಥರದ ಚಿತ್ರಗಳಿವೆ. ನೆಲದ ಮೇಲೆ ನಿಂತೋ ಹಡಗಿನಿಂದಲೋ ಕಂಡ ಪಕ್ಕದ ನೋಟ ಒಂದು. ನೆತ್ತಿಯ ಮೇಲಿಂದ ನೇರ ಕೆಳಗೆ ನೋಡಿದ ನಕ್ಷೆ ಇನ್ನೊಂದು. ಇವೆರಡರ ನಡುವಿನದು ಓರೆಯಾಗಿ ಮೇಲಿಂದ ಕಂಡ ಊರು. ಬೀದಿಗಳೂ ಕಾಣುತ್ತವೆ, ಮನೆಗಳ ಮುಖವೂ ಕಾಣುತ್ತದೆ. ನೋಡುವವರಿಗೆ ಜಾಸ್ತಿ ಖುಷಿ ಕೊಡುವುದು ಇದೇ.

ಆದರೆ ಮನುಷ್ಯ ಬಲೂನಿನಲ್ಲಿ ಮೇಲೆ ಹೋದದ್ದು 1783ರಲ್ಲಿ. 1572ರಲ್ಲಿ ಅಷ್ಟು ಎತ್ತರದಿಂದ ಯಾರೂ ಯಾವ ಊರನ್ನೂ ನೋಡಿರಲಿಲ್ಲ. ಹಾಗಾದರೆ ಈ ನೋಟ ಬಂದದ್ದು ಹೇಗೆ? ಮೊದಲು ನೆಲದ ಮೇಲೆ ಅಳತೆ. ಬೀದಿಗಳ ಉದ್ದ, ತಿರುವುಗಳ ಕೋನ, ಚರ್ಚಿನ ಗೋಪುರ ಹತ್ತಿ ಅಲ್ಲಿಂದ ಬೇರೆ ಗೋಪುರಗಳು ಯಾವ ದಿಕ್ಕಿಗಿವೆ ಎಂಬ ಗುರುತು. ಇದರಿಂದ ಒಂದು ನೆಲನಕ್ಷೆ ಸಿಗುತ್ತದೆ. ಅದನ್ನು ಕಾಗದದ ಮೇಲೆ ಓರೆಯಾಗಿ ಮಲಗಿಸಿ, ಅದರ ಮೇಲೆ ಒಂದೊಂದೇ ಕಟ್ಟಡವನ್ನು ಎಬ್ಬಿಸುತ್ತಾರೆ. ಮುಖ್ಯ ಕಟ್ಟಡಗಳನ್ನು ನೋಡಿ ಬರೆದಿರುತ್ತಾರೆ. ಸಾಮಾನ್ಯ ಮನೆಗಳನ್ನು ಸುಮ್ನೆ ಸಾಲಾಗಿ ತುಂಬಿರುತ್ತಾರೆ. ಬೀದಿಗಳನ್ನು ನಿಜಕ್ಕಿಂತ ಅಗಲ ಮಾಡುತ್ತಾರೆ, ಇಲ್ಲದಿದ್ದರೆ ಮುಂದಿನ ಸಾಲಿನ ಛಾವಣಿ ಹಿಂದಿನ ಬೀದಿಯನ್ನು ಮುಚ್ಚಿಬಿಡುತ್ತದೆ. ಅಂದರೆ ಯಾರೂ ಕಾಣದ ನೋಟವೊಂದನ್ನು ಅಳತೆ ಮತ್ತು ಊಹೆ ಬೆರೆಸಿ ಕಟ್ಟಿದ್ದಾರೆ. ಚರ್ಚು, ಕೋಟೆಬಾಗಿಲು, ಸೇತುವೆ ಎಲ್ಲಿವೆ ಎಂದು ಕೇಳಿದರೆ ಚಿತ್ರ ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತದೆ. ಆ ಬೀದಿಯಲ್ಲಿ ಎಷ್ಟು ಮನೆಗಳಿದ್ದವು ಎಂದು ಎಣಿಸಲು ಮಾತ್ರ ಹೋಗಬೇಡಿ.

ಚಿತ್ರ ಎಲ್ಲಿಂದ ಸಿಕ್ಕಿತೋ ಅಲ್ಲಿಂದ

500 ಊರುಗಳನ್ನು ಅಳೆಯಲು ಬ್ರೌನ್ ಆಳುಗಳನ್ನು ಕಳಿಸಲಿಲ್ಲ. ಸಿಕ್ಕಿದ ಚಿತ್ರಗಳನ್ನು ಕೂಡಿಸಿದ. ಮೊದಲೇ ಅಚ್ಚಾದ ನಕ್ಷೆಗಳು, ಗೆಳೆಯರ ಕೈಬರಹದ ಚಿತ್ರಗಳು, ಊರ ಆಡಳಿತದವರು ಕಳಿಸಿದವು, ಎಲ್ಲವೂ ಬಂದವು. ತಮ್ಮ ಊರು ಪುಸ್ತಕದಲ್ಲಿ ಇಲ್ಲವೆಂದು ಬೇಜಾರಾದವರು ಚಿತ್ರ ಕಳಿಸಲಿ, ಮುಂದೆ ಸೇರಿಸುತ್ತೇವೆ ಎಂದು ಓದುಗರನ್ನೂ ಕರೆದ. ಸಂಪುಟಗಳು ಒಂದರ ಹಿಂದೆ ಒಂದು ಬರಲು ಇದೂ ಒಂದು ಕಾರಣ. ಯಾವ ಊರಿನವರಿಗೆ ತಮ್ಮ ಊರನ್ನು ಪುಸ್ತಕದಲ್ಲಿ ನೋಡುವ ಆಸೆ ಇರುವುದಿಲ್ಲ, ಅಲ್ವಾ?

ಈ ನೆರವಾದವರಲ್ಲಿ ನನಗೆ ಅಚ್ಚುಮೆಚ್ಚು ಯೋರಿಸ್ ಹೂಫ್‌ನಾಗಲ್. ಆಂಟ್‌ವರ್ಪ್‌ನ ಶ್ರೀಮಂತ ವ್ಯಾಪಾರಿಯ ಮಗ. 1560ರ ದಶಕದಲ್ಲಿ ಸ್ಪೇನ್ ಸುತ್ತುತ್ತಾ ಊರುಗಳನ್ನು ಬರೆದ. 1576ರಲ್ಲಿ ಸಂಬಳ ಸಿಗದ ಸ್ಪೇನ್ ಸೈನಿಕರು ಆಂಟ್‌ವರ್ಪ್ ಅನ್ನು ಸುಲಿದಾಗ ಅವನ ಮನೆತನದ ಸಂಪತ್ತೂ ಹೋಯಿತು. ಮರುವರ್ಷ ಗೆಳೆಯ ಓರ್ಟೆಲಿಯಸ್ ಜೊತೆ ಇಟಲಿಗೆ ಹೊರಟ, ಅಲ್ಲಿಯೂ ಬರೆದ. ಮುಂದೆ ಇದೇ ಅವನ ವೃತ್ತಿಯಾಯಿತು. ಈ ಪುಸ್ತಕಕ್ಕೆ ಅವನಿಂದ ಬಂದ ಚಿತ್ರಗಳು 60ಕ್ಕೂ ಹೆಚ್ಚು. ಅವನ ಚಿತ್ರಗಳಲ್ಲಿ ಊರಿಗಿಂತ ಊರ ಮುಂದಿನ ಜನ ಹೆಚ್ಚು ಜೀವಂತವಾಗಿದ್ದಾರೆ. ಸೆವಿಲ್ಲೆಯ ಒಂದು ಚಿತ್ರದಲ್ಲಿ ನಗರ ದೂರದಲ್ಲಿ ಸಣ್ಣಗಿದೆ. ಮುಂದೆ, ಹೆಂಡತಿಯ ವ್ಯಭಿಚಾರವನ್ನು ಸಹಿಸಿಕೊಂಡ ಗಂಡನೊಬ್ಬನ ತಲೆಗೆ ಕೊಂಬು ಕಟ್ಟಿ ಮೆರವಣಿಗೆ ಮಾಡುತ್ತಿದ್ದಾರೆ! ಇಟಲಿಯ ಚಿತ್ರಗಳಲ್ಲಿ ತನ್ನನ್ನೂ ಓರ್ಟೆಲಿಯಸ್‌ನನ್ನೂ ಪ್ರವಾಸಿಗಳಾಗಿ ಒಂದು ಮೂಲೆಯಲ್ಲಿ ನಿಲ್ಲಿಸಿಕೊಂಡಿದ್ದಾನೆ.

ಮುಂಭಾಗದಲ್ಲಿ ಮನುಷ್ಯರನ್ನು ನಿಲ್ಲಿಸಿದ್ದಕ್ಕೆ ಬ್ರೌನ್ ಒಂದು ಕಾರಣ ಕೊಟ್ಟಿದ್ದಾನೆ. ಮನುಷ್ಯರೂಪದ ಚಿತ್ರ ತುರ್ಕಿಯವರ ಧರ್ಮಕ್ಕೆ ಆಗದು, ಆದ್ದರಿಂದ ಯುದ್ಧಕ್ಕಾಗಿ ಅವರು ಈ ನಕ್ಷೆಗಳನ್ನು ಬಳಸಲಾರರು ಎಂದು. ಇದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಸ್ತಾಂಬುಲ್ ಆಸ್ಥಾನದಲ್ಲೇ ಮನುಷ್ಯರಿರುವ ಚಿತ್ರಗಳನ್ನು ಬರೆಯುತ್ತಿದ್ದರು. ಇದೇ ಪುಸ್ತಕದ ಕಾನ್‌ಸ್ಟಾಂಟಿನೋಪಲ್ (ಇಸ್ತಾಂಬುಲ್‌ನ ಹಳೆಯ ಹೆಸರು) ಹಾಳೆಯ ಕೆಳಗೆ ಸುಲ್ತಾನರ ಮುಖಚಿತ್ರಗಳ ಸಾಲೇ ಇದೆ. ಊರಿನ ಜನರ ಉಡುಗೆ ತೋರಿಸಿದರೆ ಪುಸ್ತಕ ಹೆಚ್ಚು ಮಾರಾಟವಾಗುತ್ತದೆ. ನಿಜವಾದ ಕಾರಣ ಅದೇ ಇರಬೇಕು ಎಂದು ನನ್ನ ಅನಿಸಿಕೆ.

ಹೀಗೆ ಎಲ್ಲೆಲ್ಲಿಂದಲೋ ಬಂದ ಚಿತ್ರಗಳ ವಯಸ್ಸು ಒಂದೇ ಇರಲು ಸಾಧ್ಯವಿಲ್ಲ. ಕಲೋನ್ ಚಿತ್ರಕ್ಕೆ 1571ರ ಹೊಸ ಅಳತೆಯ ನಕ್ಷೆ ಸಿಕ್ಕಿತು. ಒಂದೇ ವರ್ಷ ಹಳೆಯದು. ಅದೇ ಮೊದಲ ಸಂಪುಟದಲ್ಲಿ ಮೆಕ್ಸಿಕೋ ಇದೆ. ಸರೋವರದ ನಡುವೆ ತೇಲುವಂತಿರುವ, ಮಧ್ಯೆ ದೇವಾಲಯವಿರುವ ಅಜ್ಟೆಕ್ ರಾಜಧಾನಿ. ಅದಕ್ಕೆ ಮೂಲ 1524ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ, ಸ್ಪೇನಿನ ದಂಡನಾಯಕ ಕೋರ್ಟೆಸ್‌ನ ಪತ್ರದ ಜೊತೆಗಿನ ನಕ್ಷೆ. ಆ ನಗರವನ್ನು ಕೋರ್ಟೆಸ್ 1521ರಲ್ಲೇ ಗೆದ್ದು ನೆಲಸಮ ಮಾಡಿದ್ದ. ಪುಸ್ತಕ ಬರುವ ಹೊತ್ತಿಗೆ ಆ ಊರು ಇಲ್ಲವಾಗಿ 50 ವರ್ಷ ಕಳೆದಿತ್ತು. ಅದೇ ಹಾಳೆಯಲ್ಲಿರುವ ಪೆರುವಿನ ಕುಸ್ಕೋ ಇನ್ನೂ ಸ್ವಾರಸ್ಯ. ಅದು 1556ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಚಿತ್ರದ ನಕಲು. ಚೌಕಾಕಾರದ ಗೋಡೆ, ಗೆರೆ ಎಳೆದಂತೆ ನೇರ ಬೀದಿಗಳು. ಊರನ್ನು ಕಾಣದವರು ವರ್ಣನೆ ಓದಿ ಕಲ್ಪಿಸಿದ ಊರು ಅದು.

ಇನ್ನು ಲಂಡನ್. ಸೇಂಟ್ ಪಾಲ್ ಚರ್ಚಿನ ಎತ್ತರದ ಚೂಪು ಶಿಖರ ಚಿತ್ರದಲ್ಲಿದೆ. ಆ ಶಿಖರ 1561ರಲ್ಲಿ ಸಿಡಿಲು ಬಡಿದು ಸುಟ್ಟುಹೋಗಿತ್ತು, ಮತ್ತೆ ಕಟ್ಟಲಿಲ್ಲ. ಅಂದರೆ ಮೂಲ ಚಿತ್ರ 1561ಕ್ಕೆ ಮುಂಚಿನದು. ಇಷ್ಟೇ ಆಗಿದ್ದರೆ ‘ಇದು 1550ರ ದಶಕದ ಲಂಡನ್’ ಎಂದು ಸುಮ್ಮನಾಗಬಹುದಿತ್ತು. ಆದರೆ ಮೊದಲ ಅಚ್ಚಿನ ನಂತರ ಯಾರೋ ತಗಡನ್ನು ತಿದ್ದಿ, ಹೊಸದಾಗಿ ಎದ್ದಿದ್ದ, ವ್ಯಾಪಾರಿಗಳು ಸೇರುವ ರಾಯಲ್ ಎಕ್ಸ್‌ಚೇಂಜ್ ಕಟ್ಟಡವನ್ನು ಸೇರಿಸಿದರು. ಅದನ್ನು ಎಲಿಜಬೆತ್ ರಾಣಿ ಉದ್ಘಾಟಿಸಿದ್ದು 1571ರಲ್ಲಿ. ಶಿಖರವನ್ನು ಮಾತ್ರ ಹಾಗೇ ಬಿಟ್ಟರು. ಈ ಎರಡೂ ಒಟ್ಟಿಗೆ ನಿಂತಿದ್ದ ದಿನ ಲಂಡನ್ನಿನ ಚರಿತ್ರೆಯಲ್ಲಿ ಒಂದೂ ಇಲ್ಲ. ತಾಮ್ರದ ಮೇಲೆ ಮಾತ್ರ ಇದ್ದ ಲಂಡನ್ ಅದು.

ಹಾಗೆಂದು ಇವನ್ನೆಲ್ಲ ಸುಳ್ಳು ಎಂದು ತಳ್ಳಿಬಿಡಬಾರದು. ಇಂಗ್ಲೆಂಡಿನ ನಾನ್‌ಸಚ್ ಅರಮನೆಯನ್ನು ನೋಡಿ. ಹೂಫ್‌ನಾಗಲ್ ಅದನ್ನು 1568ರಲ್ಲಿ ಕಣ್ಣಾರೆ ಕಂಡು ಬರೆದ. ಅದರ ಕೆತ್ತನೆ 1590ರ ದಶಕದಲ್ಲಿ ಐದನೇ ಸಂಪುಟಕ್ಕೆ ಸೇರಿತು. 1680ರ ದಶಕದಲ್ಲಿ ಅರಮನೆಯನ್ನು ಕೆಡವಿ ಸಾಮಾನು ಮಾರಿದರು. ಇವತ್ತು ಅದು ಹೇಗಿತ್ತು ಎಂದು ತಿಳಿಯಲು ಉಳಿದಿರುವ ಬೆರಳೆಣಿಕೆಯ ಚಿತ್ರಗಳಲ್ಲಿ ಹೂಫ್‌ನಾಗಲ್‌ನದು ಮುಖ್ಯ. ಆದ್ದರಿಂದ ಒಂದು ಹಾಳೆ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು: ಮೂಲ ಚಿತ್ರ ಬರೆದವರು ಯಾರು? ಅವರು ಆ ಊರಿನಲ್ಲಿ ಕಾಲಿಟ್ಟಿದ್ದರೇ? ಪುಸ್ತಕದ ವರ್ಷದ ಪ್ರಶ್ನೆ ಆಮೇಲೆ.

ನಮ್ಮ ಕಡೆಯ ಹಾಳೆಗಳು

ಈಗ ಕಲ್ಲಿಕೋಟೆಗೆ ಬರೋಣ. ಮೊದಲ ಸಂಪುಟದಲ್ಲಿ ಕಲ್ಲಿಕೋಟೆ, ಕಣ್ಣೂರು, ದಿಯು, ಗೋವಾ ಇವೆ. ದೊಡ್ಡ ಹಾಳೆ ಸಿಕ್ಕಿಲ್ಲ, ಹಂಚಿಕೊಂಡಿವೆ. ಕಲ್ಲಿಕೋಟೆ ಮತ್ತು ಕಣ್ಣೂರಿನ ಹಾಳೆಯಲ್ಲೇ ಪರ್ಷಿಯನ್ ಕೊಲ್ಲಿಯ ಹೊರ್ಮುಜ್, ಪಶ್ಚಿಮ ಆಫ್ರಿಕಾದ ಎಲ್ಮಿನಾ ಕೋಟೆಯೂ ಇವೆ. ದಿಯು, ಗೋವಾ ಇರುವ ಹಾಳೆಯಲ್ಲಿ ಮೊರಾಕ್ಕೊ ಕರಾವಳಿಯ ಎರಡು ಊರುಗಳಿವೆ. ಸಾವಿರಾರು ಮೈಲಿ ದೂರದ ಈ ಊರುಗಳಿಗೆ ಏನು ಸಂಬಂಧ? ಎಲ್ಲ ಕಡೆಯೂ ಪೋರ್ಚುಗೀಸರು ಬಂದಿದ್ದರು.

ಈ ಚಿತ್ರಗಳನ್ನು ಬ್ರೌನ್‌ಗೆ ಒದಗಿಸಿದವನು ಕಲೋನ್‌ನ ವ್ಯಾಪಾರಿ ಮನೆತನದ ಕಾನ್‌ಸ್ಟಾಂಟಿನ್ ಫಾನ್ ಲೀಸ್‌ಕಿರ್ಷನ್. ಅವನಿಗೆ ಅವು ಸಿಕ್ಕಿದ್ದು ಪೋರ್ಚುಗೀಸ್ ಮೂಲದಿಂದ. ಆ ಮೂಲ ಇವತ್ತು ಸಿಕ್ಕಿಲ್ಲ. ಹೀಗಾಗಿ ಕಲ್ಲಿಕೋಟೆಯ ಆನೆ ಕೊನೇಪಕ್ಷ ಎರಡು ಕೈ ದಾಟಿ ತಾಮ್ರಕ್ಕೆ ಬಂದದ್ದು. ಊರು ಸಮುದ್ರದ ಕಡೆಯಿಂದ ಕಂಡಂತಿರುವುದೂ ಇದಕ್ಕೆ ಸರಿಹೊಂದುತ್ತದೆ. ಹಡಗಿನಲ್ಲಿ ಬಂದವರಿಗೆ ದಡ ಚೆನ್ನಾಗಿ ಕಾಣುತ್ತದೆ, ಒಳಗಿನ ಬೀದಿಗಳು ಕಾಣುವುದಿಲ್ಲ. ಹಾಗಾಗಿ ದಡದ ಕೆಲಸ, ದೋಣಿ, ಹಡಗು ಕಟ್ಟುವುದು, ಇವನ್ನು ನಾನು ಒಂದಿಷ್ಟು ನಂಬುತ್ತೇನೆ. ಹಿಂದಿನ ಮನೆಗಳ ಆಕಾರವನ್ನು ಅಷ್ಟು ನಂಬುವುದಿಲ್ಲ.

ಗೋವಾ ಚಿತ್ರದ ಮೇಲೆ ಒಂದು ಲ್ಯಾಟಿನ್ ಸಾಲಿದೆ. ಭಾರತದ ಈ ಬಲಿಷ್ಠ ನಗರ 1509ರಲ್ಲಿ ಕ್ರೈಸ್ತರ ಕೈಗೆ ಬಂತು ಎನ್ನುತ್ತದೆ. ತಪ್ಪು. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಗೋವಾವನ್ನು ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಮೊದಲು ಹಿಡಿದದ್ದು 1510ರ ಆರಂಭದಲ್ಲಿ. ಕೆಲವೇ ತಿಂಗಳಲ್ಲಿ ಕಳೆದುಕೊಂಡು, ಅದೇ ವರ್ಷ ನವೆಂಬರ್ 25ರಂದು ಮತ್ತೆ ಗೆದ್ದ. ಗೋವಾದ ಮೇಲೆ ಬೀಳು ಎಂದು ಅವನನ್ನು ಹುರಿದುಂಬಿಸಿದ್ದು ನಮ್ಮ ಹೊನ್ನಾವರದ ಕಡಲ ದಂಡಿನ ನಾಯಕ ತಿಮ್ಮೋಜ. ಪೋರ್ಚುಗೀಸರ ಬರಹಗಳಲ್ಲಿ ಅವನ ಹೆಸರು ಮತ್ತೆ ಮತ್ತೆ ಬರುತ್ತದೆ. ಕಲೋನ್‌ನಲ್ಲಿ ಕೂತವರಿಗೆ ಒಂದು ವರ್ಷದ ವ್ಯತ್ಯಾಸ ದೊಡ್ಡದಾಗಿ ಕಂಡಿರಲಾರದು. ಆದರೆ ತಾಮ್ರದಲ್ಲಿ ಕೆತ್ತಿದ ಮೇಲೆ ಅದಕ್ಕೊಂದು ಗತ್ತು ಬಂದುಬಿಡುತ್ತದೆ, ಓದಿದವರು ನಂಬುತ್ತಾರೆ.

ಕನ್ನಡಿಗರು ಈ ಪುಸ್ತಕದಲ್ಲಿ ಹುಡುಕಬಹುದಾದ ಹೆಸರು ವಿಜಯನಗರ. ಅದು ಇಲ್ಲ. 1520ರ ಆಸುಪಾಸಿನಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಅದು ರೋಮ್‌ನಷ್ಟು ದೊಡ್ಡದಾಗಿ ಕಂಡಿತು ಎಂದು ಬರೆದಿದ್ದಾನೆ. ಅಷ್ಟು ದೊಡ್ಡ ನಗರ ಏಕೆ ಬಿಟ್ಟುಹೋಯಿತು? 1565ರಲ್ಲಿ ಹಾಳಾದದ್ದು ಕಾರಣವಲ್ಲ. 50 ವರ್ಷ ಹಿಂದೆ ಅಳಿದ ಮೆಕ್ಸಿಕೋ ಪುಸ್ತಕದಲ್ಲಿದೆಯಲ್ಲ! ಬ್ರೌನ್‌ಗೆ ಬೇಕಿದ್ದದ್ದು ನಕಲು ಮಾಡಲು ಒಂದು ಚಿತ್ರ. ಪಾಯೆಸ್ ಬಿಟ್ಟುಹೋದದ್ದು ಬರಹ. ಅದೂ ಕೈಬರಹದಲ್ಲೇ ಉಳಿದು, ಪೋರ್ಚುಗೀಸಿನಲ್ಲಿ ಅಚ್ಚಾದದ್ದು 1897ರಲ್ಲಿ. ಕಡಲತೀರದ ಊರುಗಳ ಚಿತ್ರ ಹಡಗು ಹತ್ತಿ ಯುರೋಪಿಗೆ ಹೋದವು, ಘಟ್ಟದ ಮೇಲಿನ ಊರುಗಳದ್ದು ಹೋಗಲಿಲ್ಲ. ಹಾಗಾಗಿ ಪುಸ್ತಕದಲ್ಲಿ ಯಾವ ಊರಿದೆ, ಯಾವುದಿಲ್ಲ ಎನ್ನುವುದರಿಂದ ಊರಿನ ಹಿರಿಮೆಯನ್ನು ಅಳೆಯಲು ಬರುವುದಿಲ್ಲ.

ತಗಡುಗಳ ನಂತರದ ಬದುಕು, ಮತ್ತು ಕೊಳ್ಳುವವರಿಗೆ ಒಂದೆರಡು ಮಾತು

ಹೋಗನ್‌ಬರ್ಗ್ 1590ರಲ್ಲಿ ತೀರಿಕೊಂಡ. ಬ್ರೌನ್ 1622ರವರೆಗೆ ಬದುಕಿದ್ದು ಆರೂ ಸಂಪುಟಗಳನ್ನು ಕಂಡ. ತಗಡುಗಳಿಗೆ ಮಾತ್ರ ಸಾವಿಲ್ಲ. ಅವು ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕ ಯಾನ್‌ಸೋನಿಯಸ್ ಕೈಗೆ ಹೋದವು. ಅವನು 1657ರಲ್ಲಿ ಅವನ್ನೂ ಬಳಸಿ ತನ್ನದೇ ನಗರಗಳ ಪುಸ್ತಕ ತಂದ. ಅಲ್ಲಿಂದ ಇನ್ನೂ ಕೆಲವು ಕೈ ಬದಲಾಗಿ 18ನೇ ಶತಮಾನದಲ್ಲೂ ಅಚ್ಚಾದವು. ತಾಮ್ರ ಮೆತ್ತನೆಯ ಲೋಹ. ಪ್ರತಿ ಸಲ ಒತ್ತಿದಾಗಲೂ ಗೆರೆ ಸವೆಯುತ್ತದೆ. ಮೊದಮೊದಲ ಪ್ರತಿಗಳಲ್ಲಿ ಕಪ್ಪಗೆ ಎದ್ದು ಕಾಣುವ ಗೆರೆ ಕೊನೆಯವುಗಳಲ್ಲಿ ಬೂದುಬೂದಾಗಿ ಮಸುಕಾಗಿರುತ್ತದೆ.

ಇಡೀ ಸಂಪುಟ ಮಾರಾಟಕ್ಕೆ ಬರುವುದು ಅಪರೂಪ. ಬಿಡಿ ಹಾಳೆಗಳು ಬರುತ್ತಲೇ ಇರುತ್ತವೆ, ಏಕೆಂದರೆ ವ್ಯಾಪಾರಿಗಳು ಪುಸ್ತಕವನ್ನು ಬಿಚ್ಚಿ ಒಂದೊಂದೇ ಊರನ್ನು ಮಾರುತ್ತಾರೆ. ಒಟ್ಟು ಪುಸ್ತಕಕ್ಕಿಂತ ಬಿಡಿ ಹಾಳೆಗಳಿಂದ ಹೆಚ್ಚು ದುಡ್ಡು. ಇದು ನನಗೆ ಹಿಡಿಸದ ವ್ಯಾಪಾರ. ಆದರೂ ಗೋವಾ ಅಥವಾ ಕಲ್ಲಿಕೋಟೆಯ ಹಾಳೆ ಕೊಳ್ಳುವ ಆಸೆ ಇದ್ದರೆ ಮೊದಲು ಬೆನ್ನು ನೋಡಿ. ಅಲ್ಲಿ ಮೊಳೆಯಲ್ಲಿ ಅಚ್ಚಾದ ಬರಹ ಇರುತ್ತದೆ. ಬೆನ್ನು ಖಾಲಿಯಿದ್ದರೆ ಅದು ಬೇರೆ ಕಾಲದ ಮರುಮುದ್ರಣವೋ ಇತ್ತೀಚಿನ ನಕಲೋ ಆಗಿರಬಹುದು, ಕೇಳಬೇಕು. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಹಾಳೆಯ ನಡುವೆ ಮಡಿಕೆಯ ಗುರುತು ಇರಬೇಕು. ಬೆಳಕಿಗೆ ಹಿಡಿದರೆ ಚಿಂದಿಬಟ್ಟೆಯಿಂದ ಮಾಡಿದ ಹಳೆಯ ಕಾಗದದಲ್ಲಿ ಜಾಲರಿಯ ಸಾಲು ಸಾಲು ಗೆರೆಗಳು ಕಾಣುತ್ತವೆ. ಹಳೆಯ ಹಸಿರು ಬಣ್ಣವನ್ನು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದರು, ಅದು ಕಾಲ ಕಳೆದಂತೆ ಕಾಗದವನ್ನು ತಿನ್ನುತ್ತದೆ. ಹಸಿರು ಇರುವ ಜಾಗದ ಬೆನ್ನಿನಲ್ಲಿ ಕಂದು ಕಲೆ ಇದ್ದರೆ ಬಣ್ಣ ಹಳೆಯದಿರುವ ಸಾಧ್ಯತೆ ಹೆಚ್ಚು. ಕಲೆಯೇ ಇಲ್ಲದೆ ಬಣ್ಣ ಫಳಫಳ ಎನ್ನುತ್ತಿದ್ದರೆ, ಬೆಲೆ ಏರಿಸಲು ಈಚೆಗೆ ಯಾರೋ ಬಳಿದಿರಬಹುದು.

ಸುಮ್ಮನೆ ನೋಡುವುದಾದರೆ ದುಡ್ಡೇ ಬೇಡ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಪ್ರತಿಯ ಪುಟಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ದೊಡ್ಡದು ಮಾಡಿ ನೋಡಬಹುದು. ಸೆವಿಲ್ಲೆಯ ಕೊಂಬಿನ ಗಂಡನನ್ನು ಹುಡುಕಬೇಕಿದ್ದರೆ ಐದನೇ ಸಂಪುಟದಿಂದ ಶುರು ಮಾಡಿ.